‘ಕಾಂಟೂರ್ ಬದು’ವಿಗೆ ಕನ್ನಡದಲ್ಲಿ ಏನೆನ್ನಬೇಕು?

ಅನುವಾದಕಿ, ಧಾರವಾಡ

ಮಣ್ಣು ಮತ್ತು ನೀರಿನ ಸಂರಕ್ಷಣೆಯ ಕೈಪಿಡಿಯೊಂದನ್ನು ಕೆಲವು ವರ್ಷಗಳ ಹಿಂದೆ ಇಂಗ್ಲಿಷಿನಿಂದ ಕನ್ನಡಕ್ಕೆ ತಂದವಳು ನಾನು. ಅದರಲ್ಲಿ ‘ಕಾಂಟೂರ್ ಬಂಡ್’ ಎಂಬ ಮಾತು ಪುಟಪುಟಕ್ಕೂ ಬರುತ್ತಿತ್ತು. ನಿಘಂಟು ತೆರೆದೆ. ಕಾಂಟೂರ್ ಎಂದರೆ ಹೊರರೇಖೆ ಎಂಬ ಅರ್ಥ ಮೊದಲು ಸಿಕ್ಕಿತು. ‘ಹೊರರೇಖೆ ಬದು’ ಎಂದು ಬರೆದು ಮುಂದಕ್ಕೆ ಹೋದೆ. ಪ್ರಕಟಿಸಿದವರೂ ಪ್ರಶ್ನಿಸಲಿಲ್ಲ.

ಕಳೆದ ಬೇಸಿಗೆಯಲ್ಲಿ ಶಿರಹಟ್ಟಿ ಕಡೆಯ ಒಂದು ಊರಿಗೆ ಹೋಗಿದ್ದೆ. ರೈತರೊಬ್ಬರು ತಮ್ಮ ಮಸಾರಿ (ಕೆಂಪು ಮಣ್ಣಿನ) ಹೊಲಕ್ಕೆ ಕರೆದುಕೊಂಡು ಹೋದರು. ಹೊಲದ ನಾಲ್ಕೂ ಗಡಿಗೆ ಸರಿಯಾಗಿ ಬದು ಹಾಕಿಸಿದ್ದರು. ಮೇಲಿನಿಂದ ಕೆಳಕ್ಕೆ ಇಳಿದ ಎರಡು ಬದುಗಳ ಬುಡದಲ್ಲಿ ನೀರು ಓಡಿ ಮೊಣಕಾಲುದ್ದ ಕೊರಕಲು ಬಿದ್ದಿತ್ತು. ಕೆಳಮೂಲೆಯಲ್ಲಿ ಬದು ಒಡೆದು ಮೇಲ್ಮಣ್ಣು ಪಕ್ಕದವರ ಹೊಲ ಸೇರಿತ್ತು. ಅವರು ಮನೆಯಿಂದ ಕೈಪಿಡಿ ತರಿಸಿ, ಹೊಲದ ಹೊರಗೆರೆಗೆ ಬದು ಹಾಕಬೇಕೆಂದು ಇದರಲ್ಲಿಯೇ ಇದೆಯಲ್ಲ ಎಂದು ಕೇಳಿದರು. ಆ ವಾಕ್ಯ ನನ್ನದು. ಒಂದು ಪದ ತಪ್ಪಿದರೆ ಹೊಲ ಕೊಚ್ಚಿಹೋಗುತ್ತದೆ ಎಂದು ಅಂದು ಕಣ್ಣಾರೆ ಕಂಡೆ.

ಮುಂಗಾರಿಗೆ ಮೊದಲು ಹೊಸ ಮುದ್ರಣ ಬರಲಿದೆ. ಯಾವ ಪದ ಇಡಲಿ? ಇನ್ನೂ ಒಂದು ಪ್ರಶ್ನೆ. ಇದೇ ಪದವನ್ನು ಸಂಗೀತದವರು, ಗಣಿತದವರು, ಮದುಮಗಳಿಗೆ ಅಲಂಕಾರ ಮಾಡುವವರು ಎಲ್ಲರೂ ಆಡುತ್ತಾರೆ. ಇವೆಲ್ಲ ಒಂದೇ ಪದವೇ, ಅಥವಾ ಒಂದೇ ಹೆಸರಿನ ಬೇರೆ ಬೇರೆ ಪದಗಳೇ?

ಭೂಗೋಳ ಶಿಕ್ಷಕ, ಹುಬ್ಬಳ್ಳಿ

ಪಠ್ಯಪುಸ್ತಕದ ಪದ ‘ಸಮೋನ್ನತಿ ರೇಖೆ’. ಸಮುದ್ರಮಟ್ಟದಿಂದ ಒಂದೇ ಎತ್ತರದಲ್ಲಿರುವ ಸ್ಥಳಗಳನ್ನು ಸೇರಿಸುವ ಗೆರೆ. ಸಮಭಾರ ರೇಖೆ, ಸಮೋಷ್ಣ ರೇಖೆಗಳ ಜೊತೆಗೆ ಮಕ್ಕಳು ಇದನ್ನು ಕಲಿಯುತ್ತಾರೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಅಳತೆಯ ನಕ್ಷೆಯಲ್ಲಿ ಈ ಗೆರೆಗಳು ಕಂದು ಬಣ್ಣದಲ್ಲಿ ಇರುತ್ತವೆ. ನಮ್ಮ ಬಯಲಿನ ಹಾಳೆಗಳಲ್ಲಿ ಸಾಮಾನ್ಯವಾಗಿ 20 ಮೀಟರಿಗೆ ಒಂದು ಗೆರೆ, ಐದನೆಯದು ದಪ್ಪ. ಗೆರೆಗಳು ಒತ್ತಾಗಿದ್ದರೆ ಕಡಿದಾದ ಇಳಿಜಾರು, ದೂರ ದೂರ ಇದ್ದರೆ ನವಲಗುಂದದ ಬಯಲು.

ಆದರೆ ನಿಮ್ಮ ತಪ್ಪು ಅರ್ಥವಾಗದಂಥದ್ದಲ್ಲ. ಪದದ ಮೊದಲ ಅರ್ಥ ಹೊರರೇಖೆಯೇ. ಚಿತ್ರಕಲೆಯ ಮಾತಾಗಿ 17ನೇ ಶತಮಾನದಲ್ಲಿ ಫ್ರೆಂಚ್ ಭಾಷೆಯಿಂದ ಇಂಗ್ಲಿಷಿಗೆ ಬಂತು. ಅದಕ್ಕೂ ಹಿಂದೆ ಇಟಲಿಯ ‘ಕಂತೊರ್ನೊ’. ಎತ್ತರದ ಅರ್ಥ ಅಂಟಿಕೊಂಡದ್ದು ತಡವಾಗಿ. 1774ರಲ್ಲಿ ಖಗೋಳಶಾಸ್ತ್ರಜ್ಞ ನೆವಿಲ್ ಮಾಸ್ಕೆಲೈನ್ ಸ್ಕಾಟ್ಲೆಂಡಿನ ಷಿಹಾಲಿಯನ್ ಬೆಟ್ಟದ ಎರಡು ಬದಿಗಳಲ್ಲಿ ನಿಂತು, ಬೆಟ್ಟದ ಸೆಳೆತಕ್ಕೆ ತೂಗುಗುಂಡಿನ ದಾರ ಎಷ್ಟು ಓರೆಯಾಗುತ್ತದೆ ಎಂದು ಅಳೆದರು. ಅದರಿಂದ ಭೂಮಿಯ ಸಾಂದ್ರತೆ ತಿಳಿಯಬೇಕಾದರೆ ಬೆಟ್ಟದ ಗಾತ್ರ ಗೊತ್ತಿರಬೇಕು. ಆ ಲೆಕ್ಕ ಗಣಿತಜ್ಞ ಚಾರ್ಲ್ಸ್ ಹಟನ್ ಪಾಲಿಗೆ ಬಂತು. ಸರ್ವೆಯವರು ಕೊಟ್ಟ ನೂರಾರು ಎತ್ತರದ ಅಂಕಿಗಳು ಹಾಳೆಯ ತುಂಬ ಚೆಲ್ಲಿದಂತೆ ಬಿದ್ದಿದ್ದವು. ಒಂದೇ ಅಂಕಿ ಇರುವ ಚುಕ್ಕೆಗಳನ್ನು ಪೆನ್ಸಿಲಿನಿಂದ ಕೂಡಿಸುತ್ತಾ ಹೋದಾಗ ಬೆಟ್ಟದ ರೂಪ ಹಾಳೆಯ ಮೇಲೆ ಎದ್ದು ನಿಂತಿತು. ನೀರಿಗಿಂತ ಭೂಮಿ ಸುಮಾರು 4.5 ಪಟ್ಟು ಸಾಂದ್ರ ಎಂದು ಹಟನ್ ಲೆಕ್ಕ ಕಟ್ಟಿದರು. ಇಂದಿನ ಅಂಕಿ ಸುಮಾರು 5.5. ಇಷ್ಟು ದೊಡ್ಡ ಪ್ರಶ್ನೆಗೆ ಬೆಟ್ಟದ ಸುತ್ತಲಿನ ಗೆರೆಗಳಿಂದ ಅಷ್ಟು ಹತ್ತಿರದ ಉತ್ತರ ಸಿಕ್ಕಿದ್ದು ಇಂದಿಗೂ ನನಗೆ ರೋಮಾಂಚನ ತರುತ್ತದೆ.

ಹಾಗಾಗಿ ಎರಡೂ ಒಂದೇ ಪದ. ಬೆಟ್ಟವನ್ನು ಅಡ್ಡಲಾಗಿ ಹೋಳು ಮಾಡಿದರೆ ಪ್ರತಿ ಹೋಳಿನ ಹೊರರೇಖೆಯೇ ಒಂದು ಸಮೋನ್ನತಿ ರೇಖೆ. ಹೊಸ ಮುದ್ರಣಕ್ಕೆ ‘ಸಮೋನ್ನತಿ ಬದು’ ಎನ್ನಿ.

ಎರೆಹೊಲ, ರೋಣ

ಗುರುಗಳೇ, ಬೆಟ್ಟದ ಹೋಳಿನ ಮಾತು ಚೆನ್ನಾಗಿದೆ. ಆದರೆ ‘ಸಮೋನ್ನತಿ ಬದು’ ಎಂದು ಹೇಳಿದರೆ ನಮ್ಮ ಊರಿನಲ್ಲಿ ಯಾರೂ ಗುದ್ದಲಿ ಎತ್ತುವುದಿಲ್ಲ. ಉನ್ನತಿ ಎಂದರೆ ಏಳಿಗೆ ಎಂದು ನಾವು ತಿಳಿದವರು. ಕೃಷಿ ಪುಸ್ತಕಗಳಲ್ಲಿ ‘ಸಮಪಾತಳಿ ಬದು’ ಎಂಬ ಮಾತೂ ಇದೆ. ಅದನ್ನು ಕೇಳಿದವರು ಹೊಲವನ್ನೆಲ್ಲ ಸಮತಟ್ಟು ಮಾಡಬೇಕೇನೋ ಎಂದುಕೊಳ್ಳುತ್ತಾರೆ.

ನಮ್ಮಲ್ಲಿ ಇದಕ್ಕೆ ಇರುವ ಮಾತು ‘ಮಟ್ಟ’. ಗೌಂಡಿಯ ಕೈಯಲ್ಲಿ ಮಟ್ಟಗೋಲು ಇರುತ್ತದೆ. ನೀರು ಮಟ್ಟ ಹಿಡಿಯುತ್ತದೆ. ಇಳಿಜಾರಿನಲ್ಲಿ ಮೇಲೂ ಏರದೆ, ಕೆಳಕ್ಕೂ ಇಳಿಯದೆ, ಒಂದೇ ಮಟ್ಟದಲ್ಲಿ ಅಡ್ಡಲಾಗಿ ನಡೆದರೆ ಕಾಲು ಯಾವ ಗೆರೆ ಎಳೆಯುತ್ತದೆಯೋ ಅದೇ ನಿಮ್ಮ ಕಾಂಟೂರ್. ಅದರ ಮೇಲೆ ಹಾಕಿದ್ದು ‘ಮಟ್ಟದ ಬದು’. ಮಟ್ಟದ ಗೆರೆಗುಂಟ ಕೂರಿಗೆ ಹೊಡೆದರೆ ಪ್ರತಿ ಸಾಲೂ ಒಂದು ಸಣ್ಣ ಬದು. ಇಳಿಜಾರಿಗೆ ನೇರವಾಗಿ ಹೊಡೆದರೆ ಪ್ರತಿ ಸಾಲೂ ಒಂದು ಸಣ್ಣ ಹಳ್ಳ.

ಪದ ಸರಿಯಾದ ಮಾತ್ರಕ್ಕೆ ಕೆಲಸ ಸರಿಯಾಗುವುದಿಲ್ಲ ಎಂದೂ ಹೇಳಬೇಕು. ನಮ್ಮದು ಆಳವಾದ ಎರೆ ಭೂಮಿ, ಅಂದರೆ ಕಪ್ಪು ಮಣ್ಣು. ಇಲ್ಲಿ ತಪ್ಪದೆ ಮಟ್ಟದಲ್ಲಿಯೇ ಬದು ಹಾಕಿಸಿಯೂ ಸೋತವರಿದ್ದಾರೆ, ನಮ್ಮ ತಂದೆ ಅವರಲ್ಲಿ ಒಬ್ಬರು. ಎರೆ ಮಣ್ಣು ನೀರನ್ನು ನಿಧಾನವಾಗಿ ಕುಡಿಯುತ್ತದೆ. ಬದುವಿನ ಹಿಂದೆ ವಾರಗಟ್ಟಲೆ ನೀರು ನಿಂತು ಹೆಸರಿನ ಬೆಳೆ ಹಳದಿಯಾಯಿತು. ಬೇಸಿಗೆಯಲ್ಲಿ ಬದು ಒಣಗಿ ಕೈ ತೂರುವಷ್ಟು ಬಿರುಕು ಬಿಟ್ಟಿತು. ಮೊದಲ ದೊಡ್ಡ ಮಳೆಗೆ ನೀರು ಆ ಬಿರುಕಿನಲ್ಲಿ ನುಗ್ಗಿ ಬದು ಬಾಯಿ ಬಿಟ್ಟಿತು. ಅದಕ್ಕಾಗಿಯೇ ಎರೆಗೆ ಅಪ್ಪಟ ಮಟ್ಟ ಬೇಡ, ಸ್ವಲ್ಪ ಇಳಿವು ಇರಲಿ ಎನ್ನುತ್ತಾರೆ. ನೂರು ಮೀಟರಿಗೆ 20ರಿಂದ 40 ಸೆಂಟಿಮೀಟರ್ ಇಳಿದರೆ ನೀರು ಓಡದೆ ನಡೆದು ಹೋಗಿ ಕೋಡಿ ಸೇರುತ್ತದೆ, ಅಥವಾ ಕೃಷಿ ಹೊಂಡ ಸೇರುತ್ತದೆ. ಹಿಂಗಾರಿ ಜೋಳ, ಕಡಲೆಗೆ ತೇವ ಹಿಡಿಯಲು ನಾವು ಚೌಕು ಮಡಿ, ಅಂದರೆ ಸುತ್ತ ಸಣ್ಣ ಬದುವಿರುವ ಚೌಕಗಳನ್ನು ಮಾಡುತ್ತೇವೆ. ಮಸಾರಿಗೆ ಮಟ್ಟದ ಬದು, ಎರೆಗೆ ಇಳಿವಿನ ಬದು. ಈ ಎರಡು ಸಾಲು ಕೈಪಿಡಿಯಲ್ಲಿ ಇರಲೇಬೇಕು.

ಇನ್ನೊಂದು ಮಾತು. ಮಟ್ಟದ ಗೆರೆಗೆ ಸರ್ವೆ ನಂಬರಿನ ಗೊಡವೆ ಇಲ್ಲ. ಅದು ನನ್ನ ಹೊಲದಲ್ಲಿ ಹುಟ್ಟಿ, ಅಣ್ಣನ ಪಾಲನ್ನು ಓರೆಯಾಗಿ ಸೀಳಿ, ಮೂರನೆಯವರ ಹೊಲದಲ್ಲಿ ಮುಗಿಯುತ್ತದೆ. ಎರಡು ಎಕರೆಯ ತುಂಡಿನಲ್ಲಿ ಓರೆ ಬದು ಬಂದರೆ ಮೂಲೆಗಳಲ್ಲಿ ಎತ್ತು ತಿರುಗುವುದಿಲ್ಲ, ಟ್ರ್ಯಾಕ್ಟರ್ ಅಂತೂ ಹೋಗುವುದೇ ಇಲ್ಲ. ಆಗ ಜನ ಬದು ಕೆಡವಿ ಗಡಿಗೆ ತಂದು ಹಾಕುತ್ತಾರೆ. ಶಿರಹಟ್ಟಿಯ ಆ ರೈತರು ನಿಮ್ಮ ಪದವನ್ನು ಅಷ್ಟು ಬೇಗ ನಂಬಿದ್ದಕ್ಕೆ ಇದೂ ಒಂದು ಕಾರಣ. ಗಡಿಯ ಬದು ಎಲ್ಲರಿಗೂ ಮೊದಲೇ ಬೇಕಾಗಿತ್ತು.

ಭೂಗೋಳ ಶಿಕ್ಷಕ, ಹುಬ್ಬಳ್ಳಿ

ಒಪ್ಪುತ್ತೇನೆ, ಅರ್ಧ. ತರಗತಿಯಲ್ಲಿ ‘ಮಟ್ಟದ ಗೆರೆ’ ಎಂದು ಮೊದಲು ಹೇಳಿ ನಂತರ ಸಮೋನ್ನತಿ ಎನ್ನುತ್ತೇನೆ. ಆದರೆ ಪರೀಕ್ಷೆ ಬರೆಯುವ ಹುಡುಗನಿಗೆ ಪಾರಿಭಾಷಿಕ ಪದ ಬೇಡವೆನ್ನಲು ಆಗುವುದಿಲ್ಲ. ಎರಡೂ ಇರಲಿ.

ನಮ್ಮ ಧಾರವಾಡವೇ ಈ ಪಾಠಕ್ಕೆ ಒಳ್ಳೆಯ ಉದಾಹರಣೆ. ಊರು ನೀರು ಹಂಚುವ ದಿಬ್ಬದ ಮೇಲೆ ಕುಳಿತಿದೆ. ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆ ಪಡುವಣಕ್ಕೆ ಇಳಿದು, ಬೇಡ್ತಿಯಾಗಿ, ಗಂಗಾವಳಿಯಾಗಿ ಅರಬ್ಬೀ ಸಮುದ್ರ ಸೇರುತ್ತದೆ. ದಿಬ್ಬದ ಮೂಡಣಕ್ಕೆ ಬಿದ್ದ ಮಳೆ ಬೆಣ್ಣೆಹಳ್ಳದ ದಾರಿ ಹಿಡಿದು ಮಲಪ್ರಭೆಗೆ, ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ನಕ್ಷೆಯಲ್ಲಿ ಹಳ್ಳ ಬಂದ ಕಡೆ ಸಮೋನ್ನತಿ ರೇಖೆ ಮೇಲ್ಮುಖವಾಗಿ ಚೂಪಾಗಿ ಬಾಗುತ್ತದೆ, ದಿಬ್ಬದ ಮೂಗಿನಲ್ಲಿ ಕೆಳಮುಖವಾಗಿ. ನೀರು ಯಾವಾಗಲೂ ಈ ಗೆರೆಯನ್ನು ಲಂಬವಾಗಿ ದಾಟುತ್ತದೆ. ಅದಕ್ಕೇ ಆ ಗೆರೆಯ ಮೇಲೆ ಹಾಕಿದ ಬದು ನೀರನ್ನು ಎದುರಿನಿಂದ ತಡೆಯುತ್ತದೆ. ಗಡಿಗೆ ಹಾಕಿದ ಬದು ಅದಕ್ಕೆ ಕಾಲುವೆ ಕಟ್ಟಿಕೊಡುತ್ತದೆ.

ಶಿಲೆಯ ಸಂಗ, ಗದಗ

ಪದದ ಬೇರನ್ನು ಇನ್ನೂ ಒಂದು ಹೆಜ್ಜೆ ಕೆಳಗೆ ಅಗೆದರೆ ನಮ್ಮ ಊರಿಗೇ ಬರುತ್ತೇವೆ. ಇಟಲಿಯ ಪದದ ಹಿಂದೆ ಲ್ಯಾಟಿನ್ ‘ತೊರ್ನಾರೆ’ ಇದೆ. ಅಂದರೆ ಲೇತ್ ಯಂತ್ರದಲ್ಲಿ ತಿರುಗಿಸಿ ಕಡೆಯುವುದು. ಗ್ರೀಕ್ ‘ತೊರ್ನೊಸ್’ ಎಂಬುದು ಆ ಉಪಕರಣದ ಹೆಸರು. ಇಂಗ್ಲಿಷಿನ ‘ಟರ್ನ್’ ಇದೇ ಬಳಗದ್ದು.

ಈಗ ಗದಗಿನ ತ್ರಿಕೂಟೇಶ್ವರ ಆವರಣದ ಸರಸ್ವತಿ ಗುಡಿಯೊಳಗೆ ಬನ್ನಿ, ಅಥವಾ ಲಕ್ಕುಂಡಿಯ ಕಾಶಿವಿಶ್ವೇಶ್ವರಕ್ಕೆ. ಕಲ್ಯಾಣ ಚಾಲುಕ್ಯರ ಕಾಲದ ಕಂಬಗಳು. ಬಳಪದ ಕಲ್ಲನ್ನು ತಿರುಗಣೆಗೆ ಏರಿಸಿ, ಉಳಿ ಹಿಡಿದು ಕಡೆದವು. ಬಳೆ ಬಳೆಯಾಗಿ ಉಬ್ಬು ತಗ್ಗು, ನಡುವೆ ಗಂಟೆಯಂಥ ಬಾಗು, ಚಾಕುವಿನ ಅಲಗಿನಷ್ಟು ತೆಳುವಾದ ಏಣು. ಆ ಕಂಬದ ಎದುರು ನಿಂತು ಅದರ ಅಂಚನ್ನು ಕಣ್ಣಿನಿಂದ ಮೇಲಿನಿಂದ ಕೆಳಕ್ಕೆ ಸವರಿದರೆ ಅದೊಂದು ಹೊರರೇಖೆ. ಕಂಬವನ್ನು ಸುತ್ತು ಹಾಕಿ ಯಾವುದೇ ಒಂದು ಬಳೆಯ ಮೇಲೆ ಬೆರಳು ಓಡಿಸಿದರೆ ಅದು ಒಂದೇ ಎತ್ತರದ ಗೆರೆ. ಚಿತ್ರಕಾರನ ಕಾಂಟೂರ್, ನಕ್ಷೆಯವರ ಕಾಂಟೂರ್ ಎರಡೂ ಒಂದೇ ಕಲ್ಲಿನಲ್ಲಿ ಇವೆ. ಹುಬ್ಬಳ್ಳಿಯ ಗುರುಗಳು ಹೇಳಿದ ಹೋಳುಗಳು ಇಲ್ಲಿ ಒಂಬೈನೂರು ವರ್ಷಗಳಿಂದ ಒಂದರ ಮೇಲೊಂದು ನಿಂತಿವೆ.

ಕನ್ನಡದಲ್ಲಿ ಈ ಕೆಲಸಕ್ಕೆ ‘ಕಡೆ’ ಎನ್ನುತ್ತೇವೆ. ಮಜ್ಜಿಗೆ ಕಡೆಯುತ್ತೇವೆ, ಕಂಬ ಕಡೆಯುತ್ತೇವೆ. ಎರಡರಲ್ಲಿಯೂ ತಿರುಗುವಿಕೆ ಇದೆ. ಕಾಂಟೂರ್ ಎಂಬ ಪದದ ಹುಟ್ಟಿಗೆ ಇಷ್ಟು ಹತ್ತಿರದ ಕನ್ನಡ ಕ್ರಿಯಾಪದ ನಮ್ಮ ಅಡುಗೆಮನೆಯಲ್ಲಿಯೇ ಇತ್ತು.

ಚಿತ್ರಕಲಾ ಶಿಕ್ಷಕಿ, ಧಾರವಾಡ

ಹೊರರೇಖೆ ಎಂಬ ಅನುವಾದ ಚಿತ್ರಕಲೆಗೂ ಸಾಲದು ಎಂದು ಹೇಳಲು ಬಂದೆ. ನೆರಳಿನ ಸುತ್ತ ಗೆರೆ ಎಳೆದರೆ ಅದು ಹೊರರೇಖೆ. ಕೈಯ ಕಾಂಟೂರ್ ಬರೆಯುವಾಗ ಗೆರೆ ಅಂಚಿನಲ್ಲಿ ಹೊರಟು, ಬೆರಳ ಸಂದಿಯಲ್ಲಿ ಒಳಹೊಕ್ಕು, ಗೆಣ್ಣಿನ ಮಡಿಕೆಯನ್ನು ದಾಟಿ, ಮತ್ತೆ ಹೊರಬರುತ್ತದೆ. ಅದು ಮೈಯ ಉಬ್ಬು ತಗ್ಗುಗಳನ್ನು ಹೇಳುತ್ತದೆ. ಹಾಳೆಯನ್ನು ನೋಡದೆ ವಸ್ತುವನ್ನು ಮಾತ್ರ ನೋಡುತ್ತಾ ಬರೆಯುವ ಅಭ್ಯಾಸವನ್ನು ಮಕ್ಕಳಿಗೆ ಮಾಡಿಸುತ್ತೇನೆ. ಚಿತ್ರ ಸೊಟ್ಟಗೆ ಬರುತ್ತದೆ, ಆದರೆ ಅವರ ಕಣ್ಣು ಮೊದಲ ಬಾರಿಗೆ ತಾಳ್ಮೆಯಿಂದ ಅಂಚಿನ ಮೇಲೆ ನಡೆಯುತ್ತದೆ. ನಾನು ಇದಕ್ಕೆ ‘ಮೈಗೆರೆ’ ಎನ್ನುತ್ತೇನೆ.

ಮದುಮಗಳ ಅಲಂಕಾರ, ಹುಬ್ಬಳ್ಳಿ

ನಮ್ಮಲ್ಲಿ ಕಾಂಟೂರ್ ಎಂದರೆ ಗೆರೆಯೇ ಅಲ್ಲ, ನೆರಳು. ಕೆನ್ನೆಯ ಮೂಳೆಯ ಕೆಳಗೆ, ಮೂಗಿನ ಎರಡು ಬದಿಗೆ, ದವಡೆಯ ಅಂಚಿಗೆ ಚರ್ಮಕ್ಕಿಂತ ಒಂದೆರಡು ಛಾಯೆ ಗಾಢವಾದ ಪುಡಿ ಹಚ್ಚಿ ಬೆರೆಸುತ್ತೇವೆ. ಗಾಢವಾದದ್ದು ಹಿಂದೆ ಸರಿದಂತೆ, ತಿಳಿಯಾದದ್ದು ಮುಂದೆ ಬಂದಂತೆ ಕಾಣುತ್ತದೆ. ಗೆರೆ ಕಂಡರೆ ಕೆಲಸ ಕೆಟ್ಟಿತು ಎಂದೇ ಅರ್ಥ.

ಭೂಗೋಳ ಶಿಕ್ಷಕ, ಹುಬ್ಬಳ್ಳಿ

ನಕ್ಷೆಯವರೂ ಇದನ್ನೇ ಮಾಡುತ್ತಾರೆ ತಂಗಿ. ಗೆರೆಗಳ ಜೊತೆಗೆ ಬೆಟ್ಟದ ಒಂದು ಬದಿಗೆ ತಿಳಿಯಾದ ನೆರಳು ಕೊಟ್ಟರೆ ಬೆಟ್ಟ ಎದ್ದು ಕಾಣುತ್ತದೆ.

ತಂಬೂರಿ, ಗದಗ

ಸಂಗೀತದ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಭೂಪ ಮತ್ತು ದೇಶಕಾರ ರಾಗಗಳನ್ನು ತೆಗೆದುಕೊಳ್ಳಿ. ಎರಡಕ್ಕೂ ಅವೇ ಐದು ಸ್ವರಗಳು: ಸ, ರಿ, ಗ, ಪ, ಧ. ಕಾಗದದ ಮೇಲೆ ವ್ಯತ್ಯಾಸವೇ ಇಲ್ಲ. ಭೂಪ ಗಾಂಧಾರದ ಮೇಲೆ ಮನೆ ಮಾಡುತ್ತದೆ, ಕೆಳಗಿನ ಅರ್ಧದಲ್ಲಿ ಸಾವಧಾನವಾಗಿ ಓಡಾಡುತ್ತದೆ. ದೇಶಕಾರ ಧೈವತವನ್ನು ಹಿಡಿದು ಮೇಲಿನ ಅರ್ಧದಲ್ಲಿಯೇ ಬೆಳಗುತ್ತದೆ. ಭೂಪ ಸಂಜೆ ಕಳೆದ ಮೇಲಿನದು, ದೇಶಕಾರ ಬೆಳಗಿನದು. ಸ್ವರ ಒಂದೇ ಆದರೂ ಏರುವ, ಇಳಿಯುವ, ನಿಲ್ಲುವ ಬಗೆ ಬೇರೆ. ಸಂಗೀತದಲ್ಲಿ ಕಾಂಟೂರ್ ಎಂದರೆ ಮುಖ್ಯವಾಗಿ ಆ ಏರಿಳಿತ. ನಮ್ಮವರು ಅದರ ಜೊತೆಗೆ ನಿಲುಗಡೆಯನ್ನೂ ಸೇರಿಸಿ ‘ಚಲನ್’ ಎನ್ನುತ್ತಾರೆ. ನಾನು ‘ನಡೆ’ ಎನ್ನುತ್ತೇನೆ.

ನನ್ನ ಗುರುಗಳು ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದನ್ನು ಹೇಳಿಕೊಡುವಾಗ ಗಾಳಿಯಲ್ಲಿ ಕೈ ಎಳೆಯುತ್ತಿದ್ದರು. ಗಾಂಧಾರದಿಂದ ಷಡ್ಜಕ್ಕೆ ಇಳಿಯುವ ದಾರಿ ಅವರ ಅಂಗೈಯಲ್ಲಿ ಕಾಣುತ್ತಿತ್ತು. ಈ ಊರಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಎಷ್ಟೋ ಮಕ್ಕಳು ಸಂಗೀತ ಕಲಿತಿದ್ದಾರೆ. ಅದನ್ನು ಬೆಳೆಸಿದ ಪಂಚಾಕ್ಷರಿ ಗವಾಯಿಗಳಿಗೂ ಪುಟ್ಟರಾಜ ಗವಾಯಿಗಳಿಗೂ ದೃಷ್ಟಿ ಇರಲಿಲ್ಲ. ಆ ಕೈಯೂ ಕಾಣದ ಮಗು ಅದೇ ದಾರಿಯನ್ನು ಕಿವಿಯಿಂದಲೇ ಹಿಡಿಯುತ್ತದೆ. ಕಾಂಟೂರ್ ಕಣ್ಣಿನ ಪದ ಎಂದು ನೀವೆಲ್ಲ ಹೇಳುತ್ತಿರುವುದನ್ನು ನಾನು ಪೂರ್ತಿ ಒಪ್ಪಲಾರೆ.

ಭಾಷಾ ವಿದ್ಯಾರ್ಥಿ, ಧಾರವಾಡ

ಮಾತಿಗೂ ಇದು ಇದೆ. ಮ್ಯಾಂಡರಿನ್ ಚೀನಿಯಲ್ಲಿ ‘ಮಾ’ ಎಂಬುದನ್ನು ಎತ್ತರದ ಮಟ್ಟದಲ್ಲಿಯೇ ಹಿಡಿದರೆ ತಾಯಿ, ಏರಿಸಿದರೆ ಸೆಣಬು, ತಗ್ಗಿಸಿ ಎತ್ತಿದರೆ ಕುದುರೆ, ಇಳಿಸಿದರೆ ಬೈಯುವುದು. ಹೀಗೆ ಸಾಗುತ್ತಾ ಬದಲಾಗುವ ದನಿಗೆ ಕಾಂಟೂರ್ ಟೋನ್ ಎನ್ನುತ್ತಾರೆ. ಕನ್ನಡದಲ್ಲಿ ದನಿಯ ಏರಿಳಿತ ಪದದ ಅರ್ಥ ಬದಲಿಸುವುದಿಲ್ಲ, ಮನಸ್ಸನ್ನು ಹೇಳುತ್ತದೆ. ‘ಹೌದು’ ಎಂಬ ಒಂದೇ ಪದದಿಂದ ಒಪ್ಪಿಗೆ, ಅನುಮಾನ, ಬೆರಗು ಮೂರನ್ನೂ ತೋರಬಹುದು.

ಗಣಿತ ಉಪನ್ಯಾಸಕಿ, ಹಾವೇರಿ

ಗಣಿತದ ಕಾಂಟೂರ್ ಇವೆಲ್ಲಕ್ಕಿಂತ ವಿಚಿತ್ರ. ಸಂಕೀರ್ಣ ಸಂಖ್ಯೆಗಳ ಸಮತಲದಲ್ಲಿ ಒಂದು ಬಿಂದುವಿನಿಂದ ಹೊರಟು, ಸುತ್ತಿ, ಅಲ್ಲಿಗೇ ಮರಳುವ ದಾರಿಯ ಗುಂಟ ಅನುಕಲನ ಮಾಡುತ್ತೇವೆ, ಅಂದರೆ ಚೂರು ಚೂರಾಗಿ ಕೂಡಿಸುತ್ತಾ ಹೋಗುತ್ತೇವೆ. ಫ್ರಾನ್ಸಿನ ಕೋಶಿ 1825ರಲ್ಲಿ ಇದಕ್ಕೆ ಗಟ್ಟಿಯಾದ ಅಡಿಪಾಯ ಹಾಕಿದರು. ಸೊನ್ನೆಯ ಸುತ್ತ ಎಡಗಡೆಗೆ ಒಂದು ಸುತ್ತು ಬಂದು, ಒಂದನ್ನು ಜ಼ೆಡ್‌ನಿಂದ ಭಾಗಿಸಿದ ಫಲನವನ್ನು ಕೂಡಿಸಿದರೆ ಉತ್ತರ ಎರಡು ಪೈ ಐ. ದಾರಿ ವೃತ್ತವಾಗಿರಲಿ, ಚೌಕವಾಗಿರಲಿ, ಬಂಕಾಪುರ ಕೋಟೆಯ ಗೋಡೆಯಂತೆ ಅಂಕುಡೊಂಕಾಗಿರಲಿ, ಉತ್ತರ ಅದೇ. ಒಳಗೆ ಏನನ್ನು ಸುತ್ತಿಕೊಂಡಿದೆ, ಯಾವ ದಿಕ್ಕಿನಲ್ಲಿ ಸುತ್ತಿದೆ ಎಂಬುದಷ್ಟೇ ಮುಖ್ಯ. ನಿಮ್ಮೆಲ್ಲರ ಕಾಂಟೂರಿನಲ್ಲಿ ಆಕಾರವೇ ಸರ್ವಸ್ವ, ನಮ್ಮದರಲ್ಲಿ ಆಕಾರ ಲೆಕ್ಕಕ್ಕೇ ಇಲ್ಲ. ಆದರೂ ಸುತ್ತುವುದು ಮಾತ್ರ ಉಳಿದಿದೆ. ಗದಗಿನವರು ಹೇಳಿದ ಲೇತ್ ಯಂತ್ರ ಇಲ್ಲಿಯೂ ತಿರುಗುತ್ತಿದೆ.

ನವಿಲುಧಾಮದ ಪಕ್ಕದವರು, ಬಂಕಾಪುರ

ನಮ್ಮ ಕೋಟೆ ಬಂದದ್ದರಿಂದ ಒಂದು ಮಾತು. ಹಕ್ಕಿಯ ಮೈಗೆ ರೂಪ ಕೊಡುವ ಹೊರಗಿನ ಗರಿಗಳಿಗೆ ಕಾಂಟೂರ್ ಫೆದರ್ ಎನ್ನುತ್ತಾರೆ. ಇಲ್ಲಿನ ಗಂಡು ನವಿಲು ಬಿಚ್ಚುವ ಆ ಕಣ್ಣಿನ ಗರಿಗಳೂ ಆ ಜಾತಿಗೇ ಸೇರಿದವು. ಅವು ಬಾಲವಲ್ಲ, ಬಾಲದ ಮೇಲೆ ಹೊದಿಸಿದ ಗರಿಗಳು ಅಷ್ಟುದ್ದ ಬೆಳೆದವು. ನಿಜವಾದ ಬಾಲ ಹಿಂದೆ ನಿಂತು ಆಸರೆ ಕೊಡುತ್ತದೆ.

ವಿಕಿರಣ ಚಿಕಿತ್ಸಾ ವಿಭಾಗ, ಹುಬ್ಬಳ್ಳಿ

ಕ್ಯಾನ್ಸರ್ ಚಿಕಿತ್ಸೆಯಲ್ಲಿ ನಮ್ಮ ದಿನದ ಬಹುಪಾಲು ಕಾಂಟೂರ್ ಎಳೆಯುವುದರಲ್ಲಿ ಕಳೆಯುತ್ತದೆ. ಸಿಟಿ ಸ್ಕ್ಯಾನ್ ದೇಹವನ್ನು ಕೆಲವೇ ಮಿಲಿಮೀಟರಿನ ಹೋಳುಗಳಾಗಿ ತೋರಿಸುತ್ತದೆ. ಪ್ರತಿ ಹೋಳಿನಲ್ಲಿ ಗಡ್ಡೆಯ ಅಂಚನ್ನು ಗುರುತಿಸಬೇಕು. ಅದರ ಹೊರಗೆ, ಕಣ್ಣಿಗೆ ಕಾಣದೆ ರೋಗ ಹರಡಿರಬಹುದಾದಷ್ಟು ಜಾಗಕ್ಕೆ ಇನ್ನೊಂದು ಗೆರೆ. ಉಸಿರಾಟ ಮತ್ತು ಅಲುಗಾಟಕ್ಕೆ ಬಿಟ್ಟ ಮೂರನೆಯದು. ಬೆನ್ನುಹುರಿ, ಕಣ್ಣಿನ ನರ ಮೊದಲಾದ ಕಾಪಾಡಬೇಕಾದ ಅಂಗಗಳಿಗೂ ಬೇರೆ ಗೆರೆಗಳು. ಎಲ್ಲ ಹೋಳುಗಳನ್ನು ಪೇರಿಸಿದಾಗ ಗಡ್ಡೆಯ ಗಾತ್ರ ಸಿಗುತ್ತದೆ. ಷಿಹಾಲಿಯನ್ ಬೆಟ್ಟದ ಕಥೆ ಓದುವಾಗ ನನಗೆ ನಮ್ಮ ಪರದೆಯೇ ಕಂಡಿತು. ಗೆರೆ ಒಳಕ್ಕೆ ಸರಿದರೆ ರೋಗ ಉಳಿಯುತ್ತದೆ, ಹೊರಕ್ಕೆ ಸರಿದರೆ ಆರೋಗ್ಯವಂತ ಭಾಗ ಸುಡುತ್ತದೆ. ಅನುವಾದಕಿಯವರ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಅನುವಾದಕಿ, ಧಾರವಾಡ

ಎಲ್ಲರ ಮಾತನ್ನೂ ಎರಡೆರಡು ಬಾರಿ ಓದಿದೆ. ಎಲ್ಲ ಕಡೆಗೂ ಸಲ್ಲುವ ಒಂದು ಕನ್ನಡ ಪದ ಹುಡುಕುವ ಆಸೆಯನ್ನು ಬಿಟ್ಟಿದ್ದೇನೆ. ಚಿತ್ರಕ್ಕೆ ಮೈಗೆರೆ, ರಾಗಕ್ಕೆ ನಡೆ, ಮಾತಿಗೆ ಏರಿಳಿತ, ಹೊಲಕ್ಕೆ ಮಟ್ಟ. ಕೈಪಿಡಿಯಲ್ಲಿ ‘ಮಟ್ಟದ ಬದು’ ಎಂದೇ ಇರುತ್ತದೆ. ಮೊದಲ ಬಾರಿ ಬಂದಾಗ ಮಾತ್ರ ‘ಶಾಲೆಯ ಪುಸ್ತಕದ ಸಮೋನ್ನತಿ ರೇಖೆ ಎಂದರೆ ಇದೇ’ ಎಂದು ಒಂದು ಸಾಲು. ಎರೆಗೆ ಇಳಿವಿನ ಬದು ಎಂಬ ಭಾಗವನ್ನು ಹೊಸದಾಗಿ ಸೇರಿಸಬೇಕೆಂದು ಪ್ರಕಾಶಕರಿಗೆ ಬರೆದಿದ್ದೇನೆ. ಒಂದು ತೊಡಕು ಉಳಿದಿದೆ. ಮಟ್ಟದ ಗೆರೆಯನ್ನು ರೈತರೇ ಗುರುತಿಸುವುದು ಹೇಗೆ ಎಂಬುದನ್ನು ಮೂಲದಲ್ಲಿ ಉಪಕರಣಗಳ ಹೆಸರು ಹೇಳಿ ಮುಗಿಸಿದ್ದಾರೆ.

ಎರೆಹೊಲ, ರೋಣ

ಹೀಗೆ ಬರೆಯಿರಿ. ಆಳುದ್ದದ ಎರಡು ಕೋಲುಗಳನ್ನು ತುದಿಯಲ್ಲಿ ಕಟ್ಟಿ ಕಾಲು ಅಗಲಿಸಿ. ನಡುವೆ ಅಡ್ಡಕೋಲು ಬಿಗಿಯಿರಿ. ಮೇಲಿನ ಗಂಟಿನಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ನೆಲದಲ್ಲಿ ಎರಡು ಗುರುತು ಮಾಡಿ ಅವುಗಳ ಮೇಲೆ ಕಾಲುಗಳನ್ನು ಇಡಿ, ದಾರ ಅಡ್ಡಕೋಲನ್ನು ಮುಟ್ಟಿದ ಕಡೆ ಗೀರು ಹಾಕಿ. ಈಗ ಕಾಲುಗಳನ್ನು ಅದಲು ಬದಲು ಮಾಡಿ ಅದೇ ಗುರುತುಗಳ ಮೇಲಿಟ್ಟು ಇನ್ನೊಂದು ಗೀರು ಹಾಕಿ. ಎರಡು ಗೀರುಗಳ ನಟ್ಟನಡುವೆ ಮೂರನೆಯದು, ಅದೇ ಮಟ್ಟದ ಗೀರು. ಹೊಲದ ಒಂದು ಬದಿಯಿಂದ ಹೊರಟು, ದಾರ ಆ ಗೀರಿನ ಮೇಲೆ ನಿಲ್ಲುವಂತೆ ಮುಂದಿನ ಕಾಲನ್ನು ಮೇಲೆ ಕೆಳಗೆ ಸರಿಸುತ್ತಾ, ಪ್ರತಿ ಹೆಜ್ಜೆಗೂ ಗೂಟ ಹೊಡೆಯುತ್ತಾ ಹೋಗಿ. ಗಾಳಿ ಇರುವ ದಿನ ಬೇಡ, ದಾರ ಆಡುತ್ತದೆ. ಗೂಟಗಳ ಸಾಲು ಕೊಂಚ ಅಂಕುಡೊಂಕಾಗಿ ಕಂಡರೆ ದೂರ ನಿಂತು ನೋಡಿ ಒಂದೆರಡನ್ನು ಸರಿಪಡಿಸಿ.

ಶಿರಹಟ್ಟಿಯ ಆ ರೈತರಿಗೆ ಪುಸ್ತಕ ಬರುವವರೆಗೆ ಕಾಯುವಂತೆ ಹೇಳಬೇಡಿ. ರೋಹಿಣಿ ಮಳೆಗೆ ಮೊದಲು ಒಂದು ಭಾನುವಾರ ಕೋಲು, ದಾರ ತೆಗೆದುಕೊಂಡು ನಾನೇ ಅವರ ಹೊಲಕ್ಕೆ ಬರುತ್ತೇನೆ. ಕೆಳಮೂಲೆಯ ಕೊರಕಲಿಗೆ ಮೊದಲು ಕಲ್ಲು ತುಂಬಿಸಿಡಲು ತಿಳಿಸಿ.